ಛಾಪಾ ಕಾಟಾ

ಮೊದಲ ಸೆಮಿಸ್ಟರ್, ಮೊದಲ ಪಾಠ, ಸಂಭವನೀಯತೆ.
ಒಂದು ನಾಣ್ಯ ಕೊಡಿ ಅಂದೆ.
ಅರವತ್ತೆರಡು ಮಂದಿ ಒಬ್ಬರ ಮುಖ ಒಬ್ಬರು ನೋಡಿದರು.
ಎಲ್ಲರ ಕೈಯಲ್ಲೂ ಫೋನು; ಚಹಾಕ್ಕೂ ಸ್ಕ್ಯಾನು, ಆಟೋಕ್ಕೂ ಸ್ಕ್ಯಾನು.
ಚಿಲ್ಲರೆ ಎಂಬುದು ಬಳ್ಳಾರಿ ಬಿಟ್ಟು ಯಾವಾಗ ಹೋಯಿತೋ
ನನ್ನ ಹಳೇ ನೋಟ್ಸಿಗೆ ಗೊತ್ತೇ ಇರಲಿಲ್ಲ.

ಕೊನೇ ಬೆಂಚಿನಿಂದ ಹೊನ್ನೂರಬಿ
ದುಪಟ್ಟಾದ ತುದಿಯ ಗಂಟು ಹಲ್ಲಲ್ಲಿ ಬಿಚ್ಚಿ
ಐದು ರೂಪಾಯಿ ತಂದಿಟ್ಟಳು ಮೇಜಿನ ಮೇಲೆ.
ಬೆರಳ ತುದಿಯೆಲ್ಲ ನೀಲಿ. ಕೌಲ್ ಬಜಾರಿನ ಯೂನಿಟ್ಟಿನಲ್ಲಿ
ರಾತ್ರಿ ಹತ್ತರ ತನಕ ಜೀನ್ಸಿನ ದಾರ ಕತ್ತರಿಸುವ ನೀಲಿ,
ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ
ಉಳಿದೇ ಉಳಿಯುತ್ತದೆ, ಭಾಗಾಕಾರದ ಶೇಷ.

ಪುಸ್ತಕದಲ್ಲಿ ಶಿರ ಮತ್ತು ಪುಚ್ಛ.
ನಾಲಿಗೆ ಹೊರಳದೆ ತರಗತಿ ಅದನ್ನು ಛಾಪಾ, ಕಾಟಾ ಎಂದು ತಿದ್ದಿತು.
ಹಾಗೇ ಬರೆದೆ ಹಲಗೆಯ ಮೇಲೆ.

ಎರ್ರಿಸ್ವಾಮಿ ಚಿಮ್ಮಿದ.
ಛಾಪಾ. ಛಾಪಾ. ಕಾಟಾ. ಛಾಪಾ.
ಒಮ್ಮೆ ಬೀರುವಿನ ಅಡಿಗೆ ಉರುಳಿಹೋಗಿ
ಸ್ಕೇಲು ಹಾಕಿ ಎಳೆದು ತೆಗೆದೆವು;
ಅದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ಐದು ನಿಮಿಷ ಜಗಳ.
ಇಪ್ಪತ್ತಕ್ಕೆ ಹದಿನಾಲ್ಕು ಛಾಪಾ.

ಖೋಟಾ ಐತೆ ಮೇಡಂ, ಎಂದ ಎರ್ರಿಸ್ವಾಮಿ.
ಇನ್ಮೇಲೆ ಕಾಟಾನೇ ಬೀಳ್ಬೇಕು ಬಿಡ್ರಿ, ಬಾಕಿ ಐತಲ್ಲ, ಎಂದಳು ಹಂಪಮ್ಮ.
ನಾಣ್ಯಕ್ಕೆ ನೆನಪಿಲ್ಲ, ಅಂದೆ ನಾನು,
ಹಿಂದೆ ಬಿದ್ದದ್ದಕ್ಕೂ ಮುಂದೆ ಬೀಳುವುದಕ್ಕೂ
ಕೊಡುಕೊಳ್ಳುವ ಸಂಬಂಧವಿಲ್ಲ.
ಅಂದವಳಿಗೆ ಗಂಟಲಲ್ಲಿ ಸೀಮೆಸುಣ್ಣದ ಪುಡಿ.

ಮೂರು ದಿನ ಮೀರಿದರೆ ನೆಂಟರಲ್ಲ ಎನ್ನುವ ಊರಲ್ಲಿ
ಹನ್ನೊಂದು ವರ್ಷದ ಅತಿಥಿ ಉಪನ್ಯಾಸಕಿ.
ವರ್ಷಕ್ಕೊಂದು ಅರ್ಜಿ, ವರ್ಷಕ್ಕೊಂದು ಪಟ್ಟಿ.
ಪಟ್ಟಿಗೂ ನೆನಪಿಲ್ಲ.
ಹನ್ನೊಂದು ಸಲ ಛಾಪಾ ಬಿದ್ದಿದೆ ನನಗೆ.
ಹನ್ನೆರಡನೆಯದು ಇನ್ನೂ ಗಾಳಿಯಲ್ಲಿದೆ;
ಬರೋ ತನಕ ಪಾಠ ನಡೆಸ್ತಿರಿ ಅಂದಿದ್ದಾರೆ ಪ್ರಿನ್ಸಿಪಾಲರು.

ಆಗ ಹೊನ್ನೂರಬಿ, ಎದ್ದು ನಿಲ್ಲದೆಯೇ:
ನಾಣ್ಯಕ್ಕೇನೂ ಆಗಿಲ್ಲ ಮೇಡಂ. ನಾವು ಎಸೆದಿದ್ದೇ ಕಡಿಮೆ.

ತರಗತಿ ನಕ್ಕಿತು. ಅವಳು ನಗಲಿಲ್ಲ.
ನಮ್ಮಲ್ಲಿ ನೂರು ಪ್ಯಾಂಟಿನ ಕಟ್ಟಿನಿಂದ ಐದು ಎಳೀತಾರೆ.
ಒಂದ್ರಾಗೆ ಹೊಲಿಗೆ ಬಿಟ್ಟಿದ್ರೆ ಪೂರಾ ಕಟ್ಟು ವಾಪಸ್, ಕೂಲಿ ಕಟ್.
ಒಂದಿನ ನೂರೂ ಬಿಚ್ಚಿ ನೋಡಿದೆ.
ಕೆಟ್ಟಿದ್ದು ಅದೊಂದೇ.
ಐದು ನೋಡಿ ನೂರು ಗೊತ್ತಾಗ್ತೈತೆ ಅಂತ
ಯಾವ ಪಾಠದಾಗೆ ಬರ್ತೈತೆ ಮೇಡಂ?

ನಾಲ್ಕನೇ ಘಟಕ, ಅಂದೆ. ದೀಪಾವಳಿ ಆದ ಮೇಲೆ.
ಅಷ್ಟರೊಳಗೆ ನಾನು ಇರುತ್ತೇನೋ ಇಲ್ಲವೋ
ಹೇಳಲಿಲ್ಲ. ಗಂಟೆ ಹೊಡೆಯಿತು.

ಸಂಜೆ ಮೋತಿ ಸರ್ಕಲ್ಲಿನಲ್ಲಿ ಪರ್ಸಿಗೆ ಕೈ ಹಾಕಿದರೆ
ಅದೇ ಐದು ರೂಪಾಯಿ, ಸಿಂಹಗಳ ಮೇಲೆ ತೆಳ್ಳಗೆ ನೀಲಿ.
ಹಿಂದೆ ಕೊಡುವುದು ಮರೆತಿದ್ದೆ.
ಅವಳು ಕೌಲ್ ಬಜಾರಿನ ತನಕ ನಡೆದೇ ಹೋಗಿರಬೇಕು.
ಬೇಕು, ಎಂಬ ಪದಕ್ಕೆ ಎಷ್ಟು ಸಂಭವನೀಯತೆ
ಎಂದು ಕೇಳಿದ್ದರೆ ಹೇಳುತ್ತಿದ್ದೆ: ಒಂದು.

ಗುಡ್ಡದ ಬಂಡೆಗಳ ಕಾವು ಇನ್ನೂ ಇಳಿದಿರಲಿಲ್ಲ.
ಆಟೋಗಳು ಹಾರ್ನು ಹೊಡೆಯುತ್ತಿದ್ದವು, ಹತ್ತಿರಿ ಹತ್ತಿರಿ ಎಂದು.
ಅಲ್ಲೇ ನಿಂತು ಒಮ್ಮೆ ಚಿಮ್ಮಿ ಹಿಡಿದೆ.

ಇಪ್ಪತ್ತೊಂದು: ಕಾಟಾ.
ನಾಳೆ ಹಲಗೆಯ ಮೇಲೆ ಸೇರಿಸಬೇಕು,
ಜವಾನ ಒರೆಸಿರದಿದ್ದರೆ.