ಒಂದೇ ನದಿಯ ನಾಲ್ಕು ಹೆರಿಗೆಮನೆ

ನಾಳೆ ರಾತ್ರಿ ಒಂಬತ್ತಕ್ಕೆ ಪಟ್ಟಿ ಮುಚ್ಚುತ್ತದೆ.
ಮೇಜಿನ ಮೇಲೆ ಚೌಕುಳಿ ಹಾಳೆ, ಆರಿದ ಕಾಫಿ,
ಅಮ್ಮನ ಕನ್ನಡಕ. ಮುರಿದ ಕಡ್ಡಿಗೆ ಹೊಲಿಗೆಯ ದಾರ,
ನಾನೇ ಹಾಕಿದ ಗಂಟು,
ಒಂದೇ ಕೈಯಲ್ಲಿ.

ಜನವರಿಯಿಡೀ ಓಹಿಯೋ ನದಿಯ ಗುಂಟ ತಿರುಗಿದೆ,
ಚಿಕ್ಕಪ್ಪನ ಪಿಕಪ್ಪಿನಲ್ಲಿ,
ಗೆಳತಿಯ ಕೋಟು, ಹಿಮ್ಮಡಿ ಕಚ್ಚುವ ಜೋಡು.
ನಾಲ್ಕು ಊರು, ನಾಲ್ಕು ಆಸ್ಪತ್ರೆ,
ಎಲ್ಲೆಡೆ ಅದೇ ಟರ್ಕಿ ಸ್ಯಾಂಡ್‌ವಿಚ್ಚು,
ಅದೇ ಪ್ರಶ್ನೆ: ಈ ಕೆಲಸವೇ ಯಾಕೆ ಕೊರಿನ್?
ಎಲ್ಲೆಡೆ ಅದೇ ಉತ್ತರ ಕೊಟ್ಟೆ.
ನಾಲ್ಕನೆಯ ಊರು ಮುಟ್ಟುವಷ್ಟರಲ್ಲಿ
ನಿಜವಾದದ್ದೇ ನನಗೆ ಸುಳ್ಳೆನಿಸತೊಡಗಿತ್ತು.

ಮೊದಲನೆಯದು ಗಾಜಿನ ಗೋಪುರ.
ವರ್ಷಕ್ಕೆ ಐದು ಸಾವಿರ ಹೆರಿಗೆ, ಎರಡು ರೋಬೋಟು,
ಮಲಗುವ ಕೋಣೆಗೆ ಕಿಟಕಿ.
ಇಕ್ಕುಳ ಹಿಡಿಯುವುದು ಕಲಿಸುತ್ತೀರಾ ಎಂದೆ.
ನಕ್ಕು, ಮೊಗಸಾಲೆಯ ಕಪಾಟು ತೋರಿಸಿದರು:
ಹಿತ್ತಾಳೆಯ ಫಲಕದ ಕೆಳಗೆ, ವೆಲ್ವೆಟ್ಟಿನ ಮೇಲೆ
ನಿದ್ದೆ ಹೋದ ಇಕ್ಕುಳ.

ಎರಡನೆಯದರಲ್ಲಿ ಕಲಿಸುವ ಕೈ ಇದೆ.
ಎಪ್ಪತ್ತು ದಾಟಿದ ಡಾಕ್ಟರ್ ಬೆಟನ್‌ಕೋರ್ಟ್
ಅಡ್ಡ ತಿರುಗಿದ ಕೂಸನ್ನು ಹೊಟ್ಟೆಯ ಮೇಲಿಂದಲೇ
ಹಿಟ್ಟಿನ ಮುದ್ದೆ ಹೊರಳಿಸಿದಂತೆ ಹೊರಳಿಸುತ್ತಾರೆ,
ಕಣ್ಣು ಮುಚ್ಚಿಕೊಂಡು, ಏನೋ ಗುನುಗುತ್ತ.
ಆದರೆ ನದಿಯ ಆ ದಡದ ಕಾನೂನು ಬೇರೆ.
ಕೆಲವು ರಾತ್ರಿ ವಕೀಲರಿಗೆ ಫೋನು ಹಚ್ಚಿ ಕಾಯುತ್ತಾರೆ.
ರಕ್ತ ಕಾಯುವುದಿಲ್ಲ.
ಅದನ್ನು ಹೇಳುವಾಗ ಅವರ ಗುನುಗು ನಿಂತಿತ್ತು.

ಮೂರನೆಯದರಲ್ಲಿ ಎಲ್ಲರೂ ನಗುತ್ತಿದ್ದರು.
ಕೈ ತೊಳೆಯುವಲ್ಲಿ ಮೂರನೇ ವರ್ಷದವಳೊಬ್ಬಳು ಸಿಕ್ಕಳು.
ಇಲ್ಲಿ ಖುಷಿಯಾಗಿದ್ದೀಯಾ ಎಂದೆ.
ಊಟ ಚೆನ್ನಾಗಿದೆ, ಎಂದಳು.
ಮತ್ತೆ ಸ್ವಲ್ಪ ಹೊತ್ತು ನೀರು ಬಿಟ್ಟುಕೊಂಡೇ ನಿಂತು,
ಊಟ ನಿಜವಾಗಿ ಚೆನ್ನಾಗಿದೆ.

ನಾಲ್ಕನೆಯದು ಎಲ್ಲಕ್ಕಿಂತ ಚಿಕ್ಕದು.
ಲಿಫ್ಟು ಕೆಟ್ಟಿತ್ತು. ಸೂರಿನ ಸೋರಿಕೆಗೆ ಹಳದಿ ಬಕೆಟ್ಟು.
ಒಡೆಸ್ಸಾ ಪ್ರಿಚಾರ್ಡ್, ಇಪ್ಪತ್ತಾರು ಗಂಟೆ ಎಚ್ಚರವಿದ್ದವಳು,
ಬಾಗಿಲು ತಟ್ಟಿ, ಒಳಗಿನ ಹೂಂ ಕೇಳುವ ತನಕ ನಿಂತಳು.
ಮಂಚಕ್ಕಿಂತ ತಗ್ಗಾದ ಮಣೆಗಾಲಿನ ಮೇಲೆ ಕೂತಳು.
ಮಂಚದಲ್ಲಿದ್ದವಳು ಬಂದದ್ದು ತೊಂಬತ್ತು ಮೈಲಿಯಿಂದ,
ನಮ್ಮ ಕೌಂಟಿಯಿಂದಲೇ. ಅಲ್ಲಿಯ ಹೆರಿಗೆ ವಾರ್ಡಿನಲ್ಲೀಗ
ಬಿಲ್ಲು ಬರೆಯುತ್ತಾರೆ.
ಬೇನೆಯ ನಡುನಡುವೆ ಅವಳದೊಂದೇ ಗೋಳು:
ನಾಯಿ. ಟ್ರಕ್ಕಿನಲ್ಲಿ. ಚಳಿ.

ಒಡೆಸ್ಸಾ ನನ್ನತ್ತ ತಿರುಗಿದಳು, ಬೀಗದ ಕೈ ನೀಡಿದಳು:
ನಿನಗೆ ನಾಯಿ ಭಯವೇ?

ಹಾಗೆ, ಮುಖ್ಯಸ್ಥರ ಜೊತೆಗಿನ ನನ್ನ ಹದಿನೈದು ನಿಮಿಷ
ವಾಹನಗಳ ಅಂಗಳದಲ್ಲಿ, ಡೀಸೆಲ್ ಎಂಬ ಹೆಸರಿನ
ಒದ್ದೆ ಮೂಗಿನ ಪ್ರಾಣಿಯ ಜೊತೆ ಕಳೆದುಹೋಯಿತು.
ಎಂಜಿನ್ನು ಹಚ್ಚಿ, ಹೀಟರು ಹಾಕಿ ಕೂತೆ.
ಅದು ನನ್ನ ತೊಡೆಯ ಮೇಲೆ ತಲೆಯಿಟ್ಟು
ನಾಲ್ಕನೇ ಮಹಡಿಯ ಒಂದು ಕಿಟಕಿಯನ್ನೇ ನೋಡುತ್ತಿತ್ತು.
ಯಾವುದೆಂದು ಅದಕ್ಕೆ ಹೇಗೆ ಗೊತ್ತೋ.

ಹಾಳೆಯಲ್ಲಿ ಅಂಕಣಗಳಿವೆ: ಸಿಸೇರಿಯನ್ ಎಷ್ಟು,
ರಾತ್ರಿ ಪಾಳಿ ಎಷ್ಟು, ಸಂಬಳ, ಬಾಡಿಗೆ,
ಪರೀಕ್ಷೆಯಲ್ಲಿ ಎಷ್ಟು ಮಂದಿ ಪಾಸು.
ಅಳೆದೂ ಸುರಿದೂ ಕೂಡಿಸಿದರೆ ಮೊದಲನೆಯದೇ ಗೆಲ್ಲುತ್ತದೆ.
ನಾಯಿಗೆ ಅಂಕಣವಿಲ್ಲ.
ಬೆಟನ್‌ಕೋರ್ಟರ ಮುಚ್ಚಿದ ಕಣ್ಣಿಗೂ ಇಲ್ಲ,
ನಾಲ್ಕು ವರ್ಷ ಅವರ ಬಳಿ ಕಲಿಯದೆ ಹೋದರೆ
ನನ್ನ ಕೈಗೆ ಏನು ಬಾರದೆ ಉಳಿಯುತ್ತದೋ, ಅದಕ್ಕೂ.

ಅವರ ಬಳಿಯೂ ಪಟ್ಟಿಯಿದೆ. ಅದರಲ್ಲಿ ನಾನು
ಬಹುಶಃ ಹದಿನೇಳು, ಅಥವಾ ನಲವತ್ತು,
ಅಥವಾ ಮುಖ್ಯಸ್ಥರನ್ನು ಕಾಯಿಸಿದ ಹುಡುಗಿ.

ಅಮ್ಮ ನಿದ್ದೆಗಣ್ಣಲ್ಲಿ ಬಂದು ನೀರು ಕುಡಿದಳು.
ಯಾವುದು ಹತ್ತಿರ, ಎಂದಳು.
ಯಾರಿಗೆ, ಎಂದೆ.
ಉತ್ತರಿಸದೆ ದೀಪದ ಕೆಳಗೆ ಕನ್ನಡಕ ಎತ್ತಿ,
ಗಂಟನ್ನು ಎಳೆದು ನೋಡಿ, ಮಲಗಲು ಹೋದಳು.

ಒಂದು ಎಂದು ಬರೆದೆ. ಅಳಿಸಿದೆ. ಮತ್ತೆ ಬರೆದೆ.
ನಾಳೆ ಗೆಳತಿಗೆ ಕೋಟು ಹಿಂದಿರುಗಿಸಬೇಕು.
ಎಷ್ಟು ಕೊಡವಿದರೂ
ತೋಳಿನ ತುಂಬ ಕಂದು ಕೂದಲು.