ಗಷ್ಟು

ಕಟ್ಟಿನಕೆರೆ ಮಾರ್ಕೆಟ್ಟಿನ ಪಾತ್ರೆ ಅಂಗಡಿಯಲ್ಲಿ
ಕುಕ್ಕರುಗಳ ಹಿಂದೆ ಧೂಳು ಹೊದ್ದು ಎರಡಿದ್ದವು.
ಒಂದು ಗಾಜಿನದು, ಮೂರು ಲೋಟದ್ದು.
ಇನ್ನೊಂದು ಸ್ಟೀಲು, ಬಿದ್ದರೂ ಬಗ್ಗದ್ದು.
'ಸ್ಟೀಲ್ ತಗೊಳ್ಳಿ ಅಕ್ಕ, ಮೊಮ್ಮಕ್ಕಳ ಕಾಲಕ್ಕೂ ಬರುತ್ತೆ'
ಅಂದರು ಸಂಪತ್‌ಲಾಲ್.
ನಾನು ಗಾಜಿನದನ್ನೇ ಎತ್ತಿದೆ.
ಹತ್ತೊಂಬತ್ತು ವರ್ಷ ಕ್ಯೂರಿಂಗ್ ವರ್ಕ್ಸಿನಲ್ಲಿ
ಕಣ್ಣಿನ ದುಡಿಮೆಯಲ್ಲೇ ಉಂಡವಳು.
ಒಳಗೇನಾಗುತ್ತೆ ಅಂತ ಕಾಣದ ಪಾತ್ರೆ
ನನಗೆ ಯಾಕೆ?

ಜಾಲರಿಯ ಅಂಚನ್ನು ಉಗುರಲ್ಲಿ ಮೀಟಿ ನೋಡಿದೆ.
ಕೋಲನ್ನು ಮೂರು ಸಲ ಇಳಿಸಿ ಏರಿಸಿದೆ.
ಒಂದು ಕಡೆ ಸಣ್ಣಗೆ ತಡೆಯಿತು. ಅದನ್ನೇ ತೋರಿಸಿ
ಅರವತ್ತು ರೂಪಾಯಿ ಇಳಿಸಿದೆ.

'ಫ್ರೆಂಚ್ ಪ್ರೆಸ್' ಅಂತ ಮಗಳು ಡಬ್ಬ ಓದಿದಳು.
'ಪ್ರೆಸ್ಸಾ? ಇಸ್ತ್ರಿ ಯಾವುದಕ್ಕೆ ಹಾಕ್ತೀಯೆ?'
ಅಂದಳು ಪಕ್ಕದ ಮನೆಯ ಹೊನ್ನಾಜಿ.

ದೀಪಾವಳಿಗೆ ಬೋನಸ್ಸಿನ ಜೊತೆ ವರ್ಕ್ಸಿನವರು ಕೊಟ್ಟ
ಅರ್ಧ ಕೆಜಿ ಹುರಿದ ಬೀಜ ಹಿಡಿದು
ಪೆನ್ಷನ್ ಮೊಹಲ್ಲಾದ ಬಾಸಿತ್ ಸಾಬರ ಮಿಲ್ಲಿಗೆ ಹೋದೆ.
'ಚಿರೋಟಿ ರವೆ ಅಲ್ಲ, ಉಪ್ಪಿಟ್ಟಿನ ರವೆ ಹಂಗೆ ಒಡೀರಿ.'
ಅವರು ಯಂತ್ರ ನಿಲ್ಲಿಸಿದರು.
'ಚಿಕೋರಿ?'
'ಬೇಡ.'
'ಕಾಲು ಭಾಗ?'
'ಬೇಡ ಅಂದ್ನಲ್ಲ.'
ಗೊತ್ತಾದ ಮದುವೆ ಮುರಿದವಳನ್ನು ನೋಡುವಂತೆ ನೋಡಿ
ತಿರುಪು ಸಡಿಲ ಮಾಡಿದರು.

ಮೊದಲ ದಿನ ಕೆಡಿಸಿದೆ.
ಕೊತಕೊತ ನೀರು ಹಾಗೇ ಸುರಿದು
ಬೆರಣಿ ತಟ್ಟುವ ರಭಸದಲ್ಲಿ ಒತ್ತಿದೆ.
ಮೂತಿಯಿಂದ ಚಿಮ್ಮಿ, ಗೋಡೆಯ ಕ್ಯಾಲೆಂಡರಿನಲ್ಲಿ
ಅಮಾವಾಸ್ಯೆ, ಪಾಡ್ಯ, ಬಿದಿಗೆ ಮೂರೂ ನೆಂದವು.
ಹಲ್ಲಿಗೆಲ್ಲ ಪುಡಿ.

ಎರಡನೇ ದಿನ ನೀರಿಳಿಸಿ
ಸದ್ದಡಗುವವರೆಗೆ ಬಿಟ್ಟೆ.
ಮೂರು ಚಮಚ, ತಲೆ ಸವರಿದ್ದು.
ಸುರಿದಾಗ ಪುಡಿಯೆಲ್ಲ ಎದ್ದು ಬಂತು,
ಒಡೆದೊಡೆದು ಉಸಿರು ಬಿಡುವ ಗುಳ್ಳೆ.
ಚಮಚದ ಹಿಡಿಯಲ್ಲಿ ಒಂದು ಸುತ್ತು.
ಆಮೇಲೆ ನಾಲ್ಕು ನಿಮಿಷ.

ನಾಲ್ಕು ನಿಮಿಷ ಏನು ಮಾಡುವುದು?
ನಮ್ಮನೆ ಬೆಳಗಿನಲ್ಲಿ ಅಂಥ ಸಾಮಾನೇ ಇರಲಿಲ್ಲ.
ನಾಲ್ಕು ನಿಮಿಷದಲ್ಲಿ ಮಗಳಿಗೆ ಎರಡು ಜಡೆ ಹಾಕಿದ್ದೇನೆ,
ಸೈರನ್ನಿಗೂ ಗೇಟಿಗೂ ನಡುವೆ ಚಪ್ಪಲಿ ಕಿತ್ತರೂ ಓಡಿದ್ದೇನೆ.
ಕೂತು, ನೀರು ಕಪ್ಪಗಾಗುವುದನ್ನು
ಸುಮ್ಮನೆ ನೋಡಿದ್ದಿಲ್ಲ.

ಆಮೇಲೆ ಒತ್ತಿದೆ. ಒತ್ತಿದೆ ಅನ್ನುವುದೂ ತಪ್ಪು,
ನಿದ್ದೆಹೋದ ಕೂಸಿನ ಮೇಲೆ ಇಟ್ಟ ಹಾಗೆ
ಅಂಗೈಯ ಭಾರ ಅಷ್ಟೆ.
ಆ ತಡೆಯುವ ಜಾಗದಲ್ಲಿ ಒಂದು ಗಳಿಗೆ ನಿಂತು
ಜಾಲರಿ ತಾನೇ ಇಳಿಯಿತು,
ಗಷ್ಟನ್ನು ತಳಕ್ಕೆ ಕೂರಿಸಿ.

ಹಾಲಿಲ್ಲ. ಬೆಲ್ಲವಿಲ್ಲ.
ಇಷ್ಟು ವರ್ಷ ಬೆರಳಿಗೆ ಮಾತ್ರ ಗೊತ್ತಿದ್ದದ್ದು
ನಾಲಿಗೆಗೆ ಬಂತು:
ಹುಳಿ, ಒಣಗಿದ ಕಿತ್ತಳೆ ಸಿಪ್ಪೆ, ಸ್ವಲ್ಪ ಗೋಣಿ.
ಎರಡನೇ ಗುಟುಕಿನ ಬೆನ್ನಿಗೆ
ಅದು.
ಸ್ಟಿಂಕರ್.
ಒಂದೇ ಒಂದು ಕೊಳೆತ ಕಾಳು ಇರಬೇಕು,
ಹಾಲು ಚಿಕೋರಿ ಸೇರಿ
ಇಷ್ಟು ದಿನ ಮುಚ್ಚಿಹಾಕುತ್ತಿದ್ದದ್ದು.

ಒಂದು ಕಾಳು ಒಂದು ಮೂಟೆ ಕೆಡಿಸುತ್ತೆ ಅಂತ
ಮೇಸ್ತ್ರಿ ಹೇಳುವಾಗ
ಸೆರಗಿನ ಮರೆಯಲ್ಲಿ ನಗುತ್ತಿದ್ದೆವು.
ಕೂಲಿ ಹಿಡಿದಾಗ ನಗಲಿಲ್ಲ.

ಯಾರ ಟೇಬಲ್ಲಿನದು? ಮೂರನೆಯದಾ?
ಅಲ್ಲಿ ಪುಟ್ಟಸ್ವಾಮಮ್ಮನ ಕಣ್ಣಿಗೆ ಪೊರೆ,
ಯಾರಿಗೂ ಹೇಳಬೇಡ ಅಂದಿದ್ದಾಳೆ.
ಇಲ್ಲಾ ಆ ಮಧ್ಯಾಹ್ನ, ಸ್ಕೂಲಿನಿಂದ
ಮಗಳಿಗೆ ಜ್ವರ ಅಂತ ಫೋನು ಬಂದಾಗ
ನನ್ನದೇ ಬೆರಳ ಸಂದಿಯಲ್ಲಿ ಜಾರಿದ್ದಾ?

ಗಷ್ಟನ್ನು ಹಳೇ ಪೇಪರಿನ ಮೇಲೆ ಹರಡಿದೆ.
ಬೆರಳು ತಾನಾಗಿ ಆರಿಸತೊಡಗಿತು.
ರವೆಯಾದ ಮೇಲೆ ಯಾವುದು ಯಾರ ಕಾಳು?
ಕನಕಾಂಬರದ ಬುಡಕ್ಕೆ ಹಾಕಿ ಬಂದು
ಗಾಜು ತೊಳೆದು ಬೋರಲು ಇಟ್ಟೆ.

ಲೋಟದಲ್ಲಿದ್ದದ್ದನ್ನು ಚೆಲ್ಲಲಿಲ್ಲ.
ಸೈರನ್ನಿಗೆ ಇನ್ನೂ ಹೊತ್ತಿತ್ತು,
ಕೂತೇ ಕುಡಿದೆ.