ಇಪ್ಪತ್ತು ನಿಮಿಷ

ಬಾಳೆಲೆಯ ಆಸ್ಪತ್ರೆಗೆ ನಾನು ಬಂದು
ಆಗಿನ್ನೂ ಹನ್ನೊಂದು ದಿನ.
ಮಸ್ಕಿಯ ಬಿಸಿಲಿನವಳು; ಎರಡು ಸ್ವೆಟರಿನ ಮೇಲೆ
ಬಿಳಿ ಕೋಟು ತೊಟ್ಟು ಕೂತಿದ್ದೆ,
ಜೇಬಿಗೆ ಹೊಲಿಸಿದ ಹೆಸರಿನ ಮುಂದೆ
ಇನ್ನೂ ನನ್ನದೆನಿಸದ ಒಂದು 'ಡಾ.'

ರಾತ್ರಿ ಒಂದೂಕಾಲಿಗೆ ಜೀಪಿನ ಹಿಂಬದಿಯಿಂದ
ನಾಲ್ವರು ಇಳಿಸಿದರು ಚಾತನನ್ನು.
ಲೈನ್‌ಮನೆಯ ಹಿಂದೆ, ಸೌದೆ ರಾಶಿಯಲ್ಲಿ, ಎಡಗಾಲಿಗೆ.
'ಯಾವ ಹಾವು?' ಅಂದೆ.
ಅವನ ಹೆಂಡತಿ ಎರವ ನುಡಿಯಲ್ಲಿ ಏನೋ ಹೇಳಿ
ಮೊಣಕೈವರೆಗೆ ಅಳತೆ ತೋರಿಸಿದಳು.
ಪುಸ್ತಕದಲ್ಲಿ ಹಾವುಗಳಿಗೆಲ್ಲ ಬಣ್ಣದ ಚಿತ್ರವಿತ್ತು.
ಕೈಯಳತೆಗೆ ಬಣ್ಣವಿಲ್ಲ.

ಸಿಸ್ಟರ್ ಚೋಂದಮ್ಮ ಹೀಗೆ ಮಾಡಿ ಎಂದವರಲ್ಲ.
ಕೇಳುತ್ತಾರೆ, ಅಷ್ಟೆ:
'ಕಾಲಿಗೆ ಕಟ್ಟಿದ ಬಟ್ಟೆ ಈಗಲೇ ಬಿಚ್ಚೋದಾ ಡಾಕ್ಟ್ರೇ,
ಡ್ರಿಪ್ ಹಾಕಿದ ಮೇಲಾ?'
'ಗಾಜಿನ ಟ್ಯೂಬು ತರ್ಲಾ?'
'ಅಡ್ರಿನಲಿನ್ ತುಂಬಿಸಿ ಇಡೋದಾ?'
ಹೂಂ ಅನ್ನುವಷ್ಟರಲ್ಲಿ ಸಿರಿಂಜು ಟ್ರೇಯಲ್ಲಿತ್ತು.
ಅನ್ನುವ ಮೊದಲೂ ಇತ್ತು.
ಅವರ ಪ್ರಶ್ನೆ ಒಂದು ಊರುಗೋಲು,
ರೋಗಿಯ ಕಡೆಯವರಿಗೆ ಕಾಣದ ಹಾಗೆ
ನನ್ನ ಕಂಕುಳಿಗೆ ಕೊಟ್ಟಿದ್ದರು.

ಟ್ಯೂಬುಗಳು ಅವರ ಬೀರುವಿನಲ್ಲಿ,
ಹಾರ್ಲಿಕ್ಸ್ ಬಾಟಲಿಯೊಳಗೆ, ಬೀಗ ಹಾಕಿ.
ಸೋಪು ಮುಟ್ಟಿದ ಗಾಜು ಸುಳ್ಳು ಹೇಳುತ್ತದಂತೆ.
ಎರಡು ಎಂ.ಎಲ್. ರಕ್ತ, ನೆಟ್ಟಗೆ ನಿಲ್ಲಿಸಿ
ಇಪ್ಪತ್ತು ನಿಮಿಷ ಮುಟ್ಟಬಾರದು, ಅಲುಗಿಸಬಾರದು,
ಹೆಪ್ಪುಗಟ್ಟಿತಾ ಎಂದು ಇಣುಕಲೂಬಾರದು.
ಐದೂವರೆ ವರ್ಷ ನನಗೆ ಕಲಿಸಿದ್ದೆಲ್ಲ ಮಾಡುವುದನ್ನು.
ಕೈ ಕಟ್ಟಿ ಕೂರುವುದಕ್ಕೆ ಯಾವ ಸೆಮಿಸ್ಟರೂ ಇರಲಿಲ್ಲ.

ಸಿಗ್ನಲ್ ಇರುವುದು ಹೆರಿಗೆ ಕೋಣೆಯ ಕಿಟಕಿಯಲ್ಲಿ ಮಾತ್ರ.
ಎರಡನೇ ರಿಂಗಿಗೇ ಎತ್ತಿದರು ಡಾಕ್ಟರ್ ಬಿದ್ದಪ್ಪ,
ಗೋಣಿಕೊಪ್ಪದ ಮನೆಯಲ್ಲಿ, ನಿದ್ದೆಯ ಗೊಗ್ಗರು ದನಿ.
ನಾಡಿ ಹೇಳಿದೆ, ಬಿ.ಪಿ. ಹೇಳಿದೆ, ವಸಡಿನ ರಕ್ತ ಹೇಳಿದೆ.
ಹೆದರಬೇಡ ಅನ್ನಲಿಲ್ಲ. ಭೇಷ್ ಅನ್ನಲಿಲ್ಲ.
'ಫೋನ್ ಇಡಬೇಡ. ಕಿಟಕಿ ಮೇಲಿಟ್ಟು ಹೋಗು.
ಬೇಕಾದರೆ ಅಲ್ಲಿಂದಲೇ ಕೂಗು' ಅಂದರು.
ಆಮೇಲೆ ಆ ಕೋಣೆಯಿಂದ
ಒಮ್ಮೆ ಅವರ ಕೆಮ್ಮು ಬಂತು, ಒಮ್ಮೆ ಅವರ ನಾಯಿಯ ಬೊಗಳು.

ಟ್ಯೂಬು ಓರೆ ಮಾಡಿದೆ.
ರಕ್ತ ಚಹಾದ ಹಾಗೆ ಹರಿಯಿತು.

ಹತ್ತು ವಯಲ್ ಸಲೈನಿಗೆ ಬೆರೆಸಿ ಬಿಟ್ಟೆ.
ಎಂಟನೇ ನಿಮಿಷಕ್ಕೆ ಎದೆಯ ತುಂಬ ದದ್ದು, ಉಸಿರಲ್ಲಿ ಸಿಳ್ಳೆ.
ಡ್ರಿಪ್ ನಿಲ್ಲಿಸಿ ಟ್ರೇಗೆ ಕೈ ಹಾಕಿದೆ, ತೊಡೆಗೆ ಚುಚ್ಚಿದೆ.
ಈ ಸಲ ಸಿಸ್ಟರ್ ಏನೂ ಕೇಳಲಿಲ್ಲ.

ತಿತಿಮತಿಯ ಹತ್ತಿರ ಆನೆ ದಾಟುವವರೆಗೂ
ದೀಪ ಆರಿಸಿ ನಿಂತಿದ್ದನಂತೆ ಆಂಬುಲೆನ್ಸಿನ ಹಂಝ.
ಚಾತನನ್ನು ಮಡಿಕೇರಿಗೆ ಹತ್ತಿಸಿ ಬಾಗಿಲಲ್ಲಿ ನಿಂತಾಗ
ನನ್ನ ಮೊಣಕಾಲು ನನ್ನ ಮಾತು ಕೇಳಲಿಲ್ಲ.
ಆಗ ನೆನಪಾಯಿತು ಕಿಟಕಿಯ ಫೋನು:
ಮೂರು ತಾಸು ಹದಿನಾಲ್ಕು ನಿಮಿಷ, ಇನ್ನೂ ಎಣಿಸುತ್ತಿತ್ತು.
ಕಿವಿಗಿಟ್ಟರೆ,
'ರಾತ್ರಿ ಊಟ ಮಾಡಿದ್ಯಾ?'

ಒಂಬತ್ತನೇ ದಿನ ಚಾತ ಕುಂಟುತ್ತ ಬಂದ.
ಅವನಿಗೆ ಗುರುತು ಸಿಕ್ಕಿದ್ದು ಸಿಸ್ಟರ್‌ದು, ನನ್ನದಲ್ಲ.

ಮೊನ್ನೆ ಗಬ್ಬೂರಿನಿಂದ ಶಿವಲೀಲಾ.
ಒಂದೇ ಬೆಂಚಿನಲ್ಲಿ ಕೂತು ಓದಿದವಳು.
ಅಲ್ಲಿ ಒಬ್ಬ ಕುರಿಗಾಹಿ ಹುಡುಗ, ಅಂಗೈಗೆ ಹಾವು,
ಇದ್ದೊಬ್ಬ ಸಿಸ್ಟರ್ ರಜೆ.
'ಗಾಜಿನ ಟ್ಯೂಬು ಅದ ಏನವ್ವ?' ಅಂದೆ.
'ಅದ.'
'ಸೋಪು ಹಚ್ಚಿ ತೊಳದದ್ದಲ್ಲ ಹೌದಿಲ್ಲೊ?'
ಸುಮ್ಮನಾದಳು. ಬೇರೆ ಹುಡುಕಿ ತಂದಳು.
'ಫೋನ್ ಇಡಬ್ಯಾಡ.'

ನನ್ನ ಕಿಟಕಿಯಾಚೆ ಮಂಜು, ಏನೇನೂ ಕಾಣದು.
ಅವಳ ಕಡೆ ಹಳೆಯ ಫ್ಯಾನೊಂದು ಗರಗರ ತಿರುಗುವ ಸದ್ದು,
ನನ್ನೂರಿನ ಸೆಖೆ ಕಿವಿಗೆ ತಾಗಿತು.
ಹನ್ನೆರಡನೇ ನಿಮಿಷಕ್ಕೆ ಅವಳು ಅತ್ತಳು.
ಅಳಲಿ ಅಂತ ಬಿಟ್ಟೆ.
'ಟ್ಯೂಬು ಮಾತ್ರ ಮುಟ್ಟಬ್ಯಾಡ' ಅಂದೆ.